ಕ್ಯಾಸೆಟ್ ಉಳಿದಿದೆ, ತೋರಿಸುವ ಯಂತ್ರವೆಲ್ಲಿ?

ಸಾಲಗುಂದದ ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಎರಡು ವಸ್ತುಗಳಿವೆ. ಒಂದು, ನಿಜಾಮರ ಕಾಲದ ಜಮೀನಿನ ಉರ್ದು ಕಾಗದ. ಇನ್ನೊಂದು, ತೊಂಬತ್ತರ ದಶಕದಲ್ಲಿ ನಡೆದ ಮಾಮೂನ ನಿಕಾಹ್‌ನ ವಿಡಿಯೋ ಕ್ಯಾಸೆಟ್. ಆ ಕ್ಯಾಸೆಟ್ಟಿನಲ್ಲಿ ನಾನಿ ಹೆಣ್ಣುಮಕ್ಕಳನ್ನು ಗದರುತ್ತಾ ಓಡಾಡುತ್ತಾರೆ. ಅವರ ದನಿ ಬೇರೆಲ್ಲೂ ಉಳಿದಿಲ್ಲ. ಉರ್ದು ಕಾಗದವನ್ನು ನಾನು ಓದಬಲ್ಲೆ. ಕ್ಯಾಸೆಟ್ ಹಾಕಿ ನೋಡಲು ಮಾತ್ರ ಮನೆಯಲ್ಲಿ ವಿಸಿಪಿ ಇಲ್ಲ, ಊರಲ್ಲೂ ಇಲ್ಲ.

ಆ ಕಾಲದ ಮದುವೆ ಕ್ಯಾಸೆಟ್ ನೋಡಿದವರಿಗೆ ಒಂದು ದೃಶ್ಯ ನೆನಪಿರಬಹುದು. ವರ ಕುದುರೆಯಿಂದ ಇಳಿಯುತ್ತಿದ್ದಂತೆ ಚಿತ್ರದ ಮೇಲೆ ಬಣ್ಣದ ಅಕ್ಷರಗಳು ತೇಲಿ ಬರುತ್ತಿದ್ದವು, ಹೂವೊಂದು ಅರಳಿ ಅದರೊಳಗೆ ವಧೂವರರ ಹೆಸರು ಮೂಡುತ್ತಿತ್ತು. ಕಂಪ್ಯೂಟರಿನ ಪರದೆಯ ಮೇಲಿನ ಚಿತ್ರ ಕ್ಯಾಸೆಟ್ಟಿನ ಟೇಪಿಗೆ ಹೇಗೆ ಇಳಿಯಿತು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಅಮಿಗಾ ಎಂಬ ಕಂಪ್ಯೂಟರಿನ ಕಥೆ ಸಿಗುತ್ತದೆ.

ಅಮೆರಿಕದ ಕಮೋಡೋರ್ ಕಂಪನಿ 1985ರ ಜುಲೈ 23ರಂದು ನ್ಯೂಯಾರ್ಕಿನಲ್ಲಿ ಅಮಿಗಾವನ್ನು ಬಿಡುಗಡೆ ಮಾಡಿತು. ಅಂದು ವೇದಿಕೆಯ ಮೇಲೆ ಪ್ರಸಿದ್ಧ ಚಿತ್ರಕಾರ ಆಂಡಿ ವಾರ್ಹೋಲ್ ಈ ಯಂತ್ರದಲ್ಲಿ ಗಾಯಕಿ ಡೆಬ್ಬಿ ಹ್ಯಾರಿಯ ಚಿತ್ರಕ್ಕೆ ಬಣ್ಣ ಹಚ್ಚಿ ತೋರಿಸಿದರು. ಎರಡು ವರ್ಷಗಳ ನಂತರ, 1987ರಲ್ಲಿ, ಕಡಿಮೆ ಬೆಲೆಯ ಅಮಿಗಾ 500 ಬಂತು.

ಈ ಯಂತ್ರದ ವಿಶೇಷವೆಂದರೆ ಅದು ಟಿವಿಯ ಭಾಷೆಯಲ್ಲೇ ಮಾತಾಡುತ್ತಿತ್ತು. ಆಗಿನ ನಮ್ಮ ಟಿವಿಗಳಲ್ಲಿ ಸೆಕೆಂಡಿಗೆ 25 ಚಿತ್ರಗಳು, ಪ್ರತಿ ಚಿತ್ರಕ್ಕೆ 625 ಗೆರೆಗಳು, ಅಂದರೆ ಸೆಕೆಂಡಿಗೆ 15,625 ಗೆರೆಗಳು ಮೂಡುತ್ತಿದ್ದವು. ಇದಕ್ಕೆ ಪಾಲ್ ಪದ್ಧತಿ ಎಂದು ಹೆಸರು. 1987ರಲ್ಲಿ ಬಂದ ವಿಜಿಎ ಕಂಪ್ಯೂಟರುಗಳು ಸೆಕೆಂಡಿಗೆ ಸುಮಾರು 31,000 ಗೆರೆಗಳನ್ನು ಎಳೆಯುತ್ತಿದ್ದವು. ಅವುಗಳ ಪರದೆಯನ್ನು ನೇರವಾಗಿ ವಿಸಿಆರ್‌ಗೆ ಇಳಿಸಲು ಆಗುತ್ತಿರಲಿಲ್ಲ, ನಡುವೆ ಬೇರೊಂದು ಸಾಧನ ಬೇಕಾಗುತ್ತಿತ್ತು. ಅಮಿಗಾದ ವೇಗ ಟಿವಿಯ ವೇಗಕ್ಕೆ ಹೊಂದುವಂತೆಯೇ ಇತ್ತು. ವೈರ್ ಜೋಡಿಸಿ ವಿಸಿಆರ್‌ನ ರೆಕಾರ್ಡ್ ಗುಂಡಿ ಒತ್ತಿದರೆ ಪರದೆಯ ಮೇಲೆ ನಡೆದದ್ದೆಲ್ಲ ಟೇಪಿಗೆ ಇಳಿಯುತ್ತಿತ್ತು.

ಇದರ ಜೊತೆಗೆ ಜೆನ್‌ಲಾಕ್ ಎಂಬ ಸಣ್ಣ ಪೆಟ್ಟಿಗೆಯೊಂದಿತ್ತು. ಕ್ಯಾಮೆರಾ ಅಥವಾ ವಿಸಿಆರ್‌ನಿಂದ ಬರುವ ಚಿತ್ರದ ತಾಳಕ್ಕೆ ಅಮಿಗಾದ ತಾಳವನ್ನು ಅದು ಕಟ್ಟಿಹಾಕುತ್ತಿತ್ತು. ಅಮಿಗಾದ ಪರದೆಯಲ್ಲಿ ಹಿನ್ನೆಲೆಯ ಬಣ್ಣ ಎಲ್ಲಿದೆಯೋ ಅಲ್ಲಿ ಕ್ಯಾಮೆರಾದ ಚಿತ್ರ ಕಾಣುತ್ತಿತ್ತು, ಉಳಿದೆಡೆ ಅಕ್ಷರ ನಿಲ್ಲುತ್ತಿತ್ತು. ಭಾರತದ ವಿಡಿಯೋ ಸ್ಟುಡಿಯೋಗಳಿಗೂ ಅಮಿಗಾ ಬಂದದ್ದು ಈ ಕೆಲಸಕ್ಕಾಗಿಯೇ. ಅದರ ಡಿಲಕ್ಸ್ ಪೇಂಟ್ ಎಂಬ ಚಿತ್ರ ಬಿಡಿಸುವ ಪ್ರೋಗ್ರಾಮಿನಲ್ಲಿ ಯಾವ ಲಿಪಿಯನ್ನಾದರೂ ಮೌಸ್ ಹಿಡಿದು ಚಿತ್ರದಂತೆ ಬರೆಯಬಹುದಿತ್ತು. ಕನ್ನಡಕ್ಕೋ ಉರ್ದುವಿಗೋ ಫಾಂಟ್ ಇಲ್ಲ ಎಂದು ಕಾಯಬೇಕಾಗಿರಲಿಲ್ಲ.

ಟೇಪಿಗೆ ಇಳಿಸುವುದರಲ್ಲಿ ನಷ್ಟವೂ ಇತ್ತು. ವಿಎಚ್‌ಎಸ್ ಟೇಪಿನಲ್ಲಿ ಸಣ್ಣ ಅಕ್ಷರ ಹರಡಿಕೊಳ್ಳುತ್ತಿತ್ತು, ಕೆಂಪು ಬಣ್ಣ ಗೆರೆ ದಾಟುತ್ತಿತ್ತು. ಪ್ರತಿಯ ಪ್ರತಿ ತೆಗೆದಂತೆಲ್ಲ ಮುಖಗಳು ಮಸುಕಾಗುತ್ತಿದ್ದವು.

ಹಾಗಿದ್ದರೆ ಟೇಪಿನ ಗೊಡವೆ ಬಿಟ್ಟು ಪರದೆಯ ಚಿತ್ರಗಳನ್ನು ಕಂಪ್ಯೂಟರಿನಲ್ಲೇ ಕೂಡಿಡಬಹುದಿತ್ತಲ್ಲವೇ? ಲೆಕ್ಕ ಹಾಕಿ ನೋಡೋಣ. ಅಮಿಗಾದ 32 ಬಣ್ಣಗಳ ಒಂದು ಸಾಧಾರಣ ಪರದೆಗೆ 50 ಕಿಲೋಬೈಟ್ ಬೇಕು. ಒಂದು ಫ್ಲಾಪಿಯಲ್ಲಿ ಹಿಡಿಯುವುದು 880 ಕಿಲೋಬೈಟ್. ಅಂದರೆ ಹದಿನೇಳು ಚಿತ್ರ, ಒಂದು ಸೆಕೆಂಡಿನ ಆಟವೂ ಆಗಲಿಲ್ಲ. ಈ ಇಕ್ಕಟ್ಟಿನಿಂದ ಹುಟ್ಟಿದ್ದು 1988ರ ಹೊತ್ತಿಗೆ ಬಳಕೆಗೆ ಬಂದ ಆನಿಮ್ ಎಂಬ ಕಡತದ ವಿಧಾನ. ಅದು ಮೊದಲ ಚಿತ್ರವನ್ನು ಪೂರ್ತಿ ಬರೆದುಕೊಳ್ಳುತ್ತದೆ, ಆಮೇಲೆ ಬದಲಾದ ಭಾಗವನ್ನಷ್ಟೇ ಬರೆದುಕೊಳ್ಳುತ್ತದೆ. ಹಕ್ಕಿ ಹಾರಿದರೆ ಹಕ್ಕಿಯ ಜಾಗದ ಬದಲಾವಣೆ ಮಾತ್ರ, ಆಕಾಶವನ್ನು ಮತ್ತೆ ಬರೆಯುವುದಿಲ್ಲ. ಇಂದು ನಮ್ಮ ಮೊಬೈಲಿನ ವಿಡಿಯೋಗಳ ಹಿಂದೆಯೂ ಇದೇ ಮೂಲ ಉಪಾಯವಿದೆ.

ಹೀಗೆ ಎರಡು ದಾರಿಗಳಾದವು. ಟೇಪಿನ ಚಿತ್ರ ಮಸುಕು, ಆದರೆ ವಿಸಿಆರ್ ಇರುವ ಯಾವ ಮನೆಯಲ್ಲೂ ಕಾಣುತ್ತಿತ್ತು. ಕಡತದ ಚಿತ್ರ ಸ್ಪಷ್ಟ, ಆದರೆ ಅದನ್ನು ಬಲ್ಲ ಕಂಪ್ಯೂಟರ್ ಬೇಕು. ಎರಡೂ ಕೊನೆಗೆ ಒಂದೇ ಗೋಡೆಗೆ ಹೋಗಿ ಬಡಿದವು. ಕಮೋಡೋರ್ ಕಂಪನಿ 1994ರಲ್ಲಿ ದಿವಾಳಿಯಾಯಿತು. ಕೊನೆಯವರೆಗೆ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯಿ ಕಂಪನಿ 2016ರಲ್ಲಿ ಅದನ್ನು ನಿಲ್ಲಿಸಿತು.

ವಾರ್ಹೋಲರ ಚಿತ್ರಗಳಿಗೂ ಇದೇ ಗತಿ ಬಂದಿತ್ತು. ಅವರು ಅಮಿಗಾದಲ್ಲಿ ಬಿಡಿಸಿದ ಚಿತ್ರಗಳ ಫ್ಲಾಪಿಗಳು ಪಿಟ್ಸ್‌ಬರ್ಗಿನ ವಾರ್ಹೋಲ್ ಮ್ಯೂಸಿಯಮ್ಮಿನಲ್ಲಿ ತೆರೆಯದೆ ಕೂತಿದ್ದವು. 1985ರ ಆ ಬಿಡುಗಡೆ ಸಮಾರಂಭದ ವಿಡಿಯೋ ತುಣುಕನ್ನು ನೋಡಿದ ಕೋರಿ ಆರ್ಕೇಂಜಲ್ ಎಂಬ ಕಲಾವಿದ ಅವುಗಳ ಬಗ್ಗೆ ವಿಚಾರಿಸಿದರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರು ಫ್ಲಾಪಿಗಳನ್ನು ಓದಿಸಿ, ಅಪರಿಚಿತ ಕಡತಗಳ ಒಗಟು ಬಿಡಿಸಿ, 2014ರಲ್ಲಿ ಚಿತ್ರಗಳನ್ನು ಲೋಕಕ್ಕೆ ತೋರಿಸಿದರು. ಮಸುಕಾದ ಒಂದು ವಿಡಿಯೋ ತುಣುಕು ಸ್ಪಷ್ಟವಾದ ಚಿತ್ರಗಳ ವಿಳಾಸ ಹೇಳಿತ್ತು.

ಇಂದು ಅಮಿಗಾ ಯಂತ್ರವಿಲ್ಲದೆಯೂ ಅದರ ಕಡತಗಳನ್ನು ನೋಡಬಹುದು. 1995ರಲ್ಲಿ ಬೆರ್ನ್ಡ್ ಶ್ಮಿಟ್ ಆರಂಭಿಸಿದ ಯುಎಇ ಎಂಬ ಪ್ರೋಗ್ರಾಮ್ ಸಾಮಾನ್ಯ ಕಂಪ್ಯೂಟರಿನೊಳಗೆ ಅಮಿಗಾದ ನಕಲನ್ನು ಎಬ್ಬಿಸಿ ನಿಲ್ಲಿಸುತ್ತದೆ. ಅದರ ವಿಂಡೋಸ್ ಆವೃತ್ತಿಯಲ್ಲಿ ಪರದೆಯನ್ನು ಮಸುಕಿಲ್ಲದೆ ವಿಡಿಯೋ ಮಾಡಿಕೊಳ್ಳಬಹುದು. ಹಳೆಯದನ್ನು ಪ್ರೀತಿಸುವವರು ಹಗಲಿರುಳು ದುಡಿದು ಕಟ್ಟಿದ ಯಂತ್ರವದು.

ಈ ಪಾಠ ನಮ್ಮ ನೆಲಕ್ಕೆ ಹೊಸದಲ್ಲ. ಸಾಲಗುಂದದಿಂದ ಮಸ್ಕಿ ದೂರವೇನಲ್ಲ. ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಿಸಿಲು ಮಳೆಯಲ್ಲಿತ್ತು. ದನ ಮೇಯಿಸುವವರು ಅದರ ನೆರಳಲ್ಲಿ ಕೂತಿರಬಹುದು, ಓದಿದವರಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಅಶೋಕನ ಕಂಬವೊಂದನ್ನು ದೆಹಲಿಗೆ ತರಿಸಿ, ಪಂಡಿತರನ್ನು ಕರೆಸಿ ಓದಿಸಲು ನೋಡಿದ. ಯಾರಿಗೂ ಆಗಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಬೀಗ ತೆಗೆದ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕಲು ಬಂದ ಸಿ. ಬೀಡನ್ ಎಂಬ ಇಂಜಿನಿಯರಿಗೆ ಮಸ್ಕಿಯ ಶಾಸನ ಕಂಡಿತು. ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಅದರಲ್ಲಿತ್ತು. ಬಂಡೆ ಕಾಪಾಡಿದ್ದು ಅಕ್ಷರವನ್ನು ಮಾತ್ರ. ಅರ್ಥವನ್ನು ಕಾಪಾಡಬೇಕಾದವರು ಓದುವವರು. ನಡುವೆ ಅವರ ಸರಪಳಿ ಕಡಿದಿತ್ತು.

ಬಂಡೆ ಕಾಯಬಲ್ಲದು, ಟೇಪಿಗೆ ಆ ತಾಳ್ಮೆಯಿಲ್ಲ. ಅದರ ಮೇಲಿನ ಕಾಂತದ ಲೇಪ ವರ್ಷದಿಂದ ವರ್ಷಕ್ಕೆ ಸಡಿಲವಾಗುತ್ತದೆ, ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ನಿಮ್ಮ ಮನೆಯಲ್ಲೂ ಅಂಥ ಕ್ಯಾಸೆಟ್ ಇದ್ದರೆ, ಚಾಲೂ ಇರುವ ವಿಸಿಆರ್ ಇಟ್ಟುಕೊಂಡ ಸ್ಟುಡಿಯೋವನ್ನು ಪಟ್ಟಣದಲ್ಲಿ ಹುಡುಕಿ ಈಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಎರಡು ಮೂರು ಕಡೆ ಪ್ರತಿ ಇಡಿ. ಅದರಲ್ಲಿ ಯಾರು ಯಾರಿದ್ದಾರೆ ಎಂಬುದನ್ನು ಬಲ್ಲ ಹಿರಿಯರನ್ನು ಕೂರಿಸಿಕೊಂಡು ಕೇಳಿ ಬರೆದಿಡಿ.

ನಮ್ಮ ಓಣಿಯವರು ಈಗಲೂ ಹಳೆಯ ಉರ್ದು ಕಾಗದ ಹಿಡಿದು ನನ್ನ ಹತ್ತಿರ ಬರುತ್ತಾರೆ. ಅವರಲ್ಲಿ ಎಲ್ಲ ಜಾತಿ ಧರ್ಮದವರಿದ್ದಾರೆ. ಹೊಲದ ಎಲ್ಲೆ, ಅಜ್ಜನ ಹೆಸರು, ಸಾಕ್ಷಿಗಳ ಹೆಸರು ಓದಿ ಹೇಳುತ್ತೇನೆ. ಅಜ್ಜನ ಹೆಸರು ಕಿವಿಗೆ ಬಿದ್ದಾಗ ಅವರ ಮುಖ ಅರಳುವುದನ್ನು ನೋಡಿದ್ದೇನೆ. ಆಗೆಲ್ಲ ಪೆಟ್ಟಿಗೆಯಲ್ಲಿರುವ ಕ್ಯಾಸೆಟ್ ನೆನಪಾಗುತ್ತದೆ. ಈ ಸಲ ಸಿಂಧನೂರಿಗೆ ಹೋಗುವಾಗ ಅದನ್ನು ಜೊತೆಗೆ ಒಯ್ಯುತ್ತೇನೆ. ನಾನಿಯ ಗದರಿಕೆಯನ್ನು ಇನ್ನೊಮ್ಮೆ ಕೇಳಬೇಕಿದೆ.