ಕಾಫಿ ಸೀಮೆ ಮತ್ತು ಕನ್ನಡ ಚಲನಚಿತ್ರದಲ್ಲಿ ಮನಸ್ಸಿನ ಪರಿಕಲ್ಪನೆ

ಭಾವದ ಮೂಲ ಯಾವುದೆಂಬ ಪ್ರಶ್ನೆಗೆ ನಮ್ಮ ರಂಗಪರಂಪರೆಯು ರಸಸಿದ್ಧಾಂತದಲ್ಲಿ ಉತ್ತರವನ್ನು ಕಂಡುಕೊಂಡಿತ್ತು. ಮಲೆನಾಡಿನ ಯಕ್ಷಗಾನ ಪ್ರೇಕ್ಷಕನು ಅನುಭವಿಸುತ್ತಿದ್ದುದು ಸರ್ವಸಾಮಾನ್ಯವಾದ ಶೋಕವನ್ನು, ಕ್ರೋಧವನ್ನು. ಆಧುನಿಕ ಮನೋವಿಜ್ಞಾನವಾದರೋ ಭಾವವನ್ನು ವ್ಯಕ್ತಿಯ ಅಂತರಂಗದ ಚರಿತ್ರೆಯನ್ನಾಗಿ ಪರಿಗಣಿಸಿತು. ಈ ಪಲ್ಲಟವು ಕನ್ನಡದ ತೆರೆಯ ಮೇಲೆ ಮೂಡಿದ ಬಗೆಯನ್ನು ಅರಿಯಲು ಚಿಕ್ಕಮಗಳೂರಿನ ಕಾಫಿ ಸೀಮೆಯು ಉತ್ತಮ ನಿದರ್ಶನ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನಕ್ಕೆ ನೆಲೆಯೊದಗಿಸಿದವರು ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದವರೂ ಅವರೇ. ಮಹಾರಾಜ ಕಾಲೇಜಿನಲ್ಲಿ ಇದೇ ಶಾಸ್ತ್ರವನ್ನು ಅಭ್ಯಸಿಸಿದ ತ್ರಿವೇಣಿಯವರು (1928–1963) ಅದರ ಒಳನೋಟಗಳನ್ನು ಕಾದಂಬರಿಗೆ ತಂದರು. ಅವರ ‘ಬೆಳ್ಳಿ ಮೋಡ’ವನ್ನು 1967ರಲ್ಲಿ ಪುಟ್ಟಣ್ಣ ಕಣಗಾಲರು ಚಿಕ್ಕಮಗಳೂರಿನ ಪರಿಸರದಲ್ಲಿ ಚಲನಚಿತ್ರವಾಗಿಸಿದರು. ತೋಟದ ಏಕೈಕ ವಾರಸುದಾರಳಾಗಿದ್ದ ಇಂದಿರೆಗೆ ತಮ್ಮನು ಹುಟ್ಟಿದ ಮೇಲೆ ಮೋಹನನ ಒಲವು ಬತ್ತುತ್ತದೆ. ಮುಂದೆ ಅಪಘಾತಕ್ಕೀಡಾದ ಅವನನ್ನು ಅವಳೇ ಉಪಚರಿಸುತ್ತಾಳೆ. ಆದರೆ ಅವನು ಮತ್ತೆ ಕೈಹಿಡಿಯಬಯಸಿದಾಗ ನಿರಾಕರಿಸುತ್ತಾಳೆ. ಇಲ್ಲಿ ದುಃಖವು ಕೇವಲ ವಿಧಿವಿಲಾಸವಲ್ಲ. ತನ್ನ ಮನಸ್ಸನ್ನು ತಾನೇ ಪರೀಕ್ಷಿಸಿ ನಿರ್ಧಾರ ಕೈಗೊಳ್ಳುವ ಹೆಣ್ಣಿನ ವ್ಯಕ್ತಿತ್ವಕ್ಕೆ ಅದು ಆಧಾರ.

ತ್ರಿವೇಣಿಯವರದೇ ಕಾದಂಬರಿಯನ್ನು ಆಧರಿಸಿದ ಪುಟ್ಟಣ್ಣನವರ ‘ಶರಪಂಜರ’ (1971) ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಬಾಣಂತನದ ಮನೋರೋಗವು ಚಿಕಿತ್ಸೆಯಿಂದ ವಾಸಿಯಾಗಬಲ್ಲುದೆಂದು ವೈದ್ಯಶಾಸ್ತ್ರ ಹೇಳಿದರೂ, ಗುಣಮುಖಳಾಗಿ ಮನೆಗೆ ಮರಳಿದ ಕಾವೇರಿಯನ್ನು ಸುತ್ತಲಿನವರು ಹುಚ್ಚಿಯೆಂದೇ ಕಾಣುತ್ತಾರೆ. ಶಾಸ್ತ್ರವು ಕಳಚಿದ ಹಣೆಪಟ್ಟಿಯನ್ನು ಸಮಾಜವು ಮತ್ತೆ ಅಂಟಿಸುತ್ತದೆ.

ಈ ವಿಚಾರಕ್ಕೆ ಬೇರೊಂದು ಮುಖವನ್ನು ಒದಗಿಸಿದವರು ಮೂಡಿಗೆರೆಯಲ್ಲಿ ಕಾಫಿ ಬೆಳೆಗಾರರಾಗಿದ್ದ ಪೂರ್ಣಚಂದ್ರ ತೇಜಸ್ವಿ (1938–2007). ಅವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ‘ತಬರನ ಕಥೆ’ಯು 1986ನೆಯ ಸಾಲಿನ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿಗೆ ಪಾತ್ರವಾಯಿತು. ತಬರನು ನಿವೃತ್ತ ಜವಾನ. ಮಧುಮೇಹದಿಂದ ಪತ್ನಿ ನರಳುತ್ತಿರುವಾಗ ಅವನು ಪಿಂಚಣಿಗಾಗಿ ಕಛೇರಿಗಳನ್ನು ಅಲೆಯುತ್ತಾನೆ. ಅವಳ ಮರಣಾನಂತರ ಅವನ ಬುದ್ಧಿ ಸ್ತಿಮಿತ ತಪ್ಪುತ್ತದೆ. ಈ ಹುಚ್ಚಿನ ಕಾರಣವನ್ನು ಅವನ ಬಾಲ್ಯದಲ್ಲಾಗಲಿ ಅಂತರಂಗದಲ್ಲಾಗಲಿ ಅರಸಬೇಕಾಗಿಲ್ಲ. ಅದು ಇತ್ಯರ್ಥವಾಗದೆ ಉಳಿದ ಕಡತದಲ್ಲಿದೆ.

ಮನೋವಿಜ್ಞಾನವು ಕನ್ನಡದ ನಾಯಕಿಗೆ ತನ್ನದೇ ಆದ ಅಂತರಂಗವನ್ನು ದೊರಕಿಸಿಕೊಟ್ಟಿತೆಂಬುದು ನಿರ್ವಿವಾದ. ಆದರೆ ಭಾವವನ್ನು ಮನಸ್ಸಿನೊಳಗೆ ಮಾತ್ರ ಹುಡುಕಿದರೆ ಅನ್ಯಾಯಕ್ಕೊಳಗಾದವನ ಆಕ್ರೋಶವೂ ರೋಗವೆನಿಸಿಬಿಡುವ ಅಪಾಯವುಂಟು. ಇಂದಿರೆಯ ನಿರಾಕರಣೆಯ ಹಿಂದೆ ಆಸ್ತಿಯ ಲೆಕ್ಕಾಚಾರವಿದೆ, ತಬರನ ಅಳಲಿನ ಹಿಂದೆ ಆಡಳಿತದ ನಿರ್ಲಕ್ಷ್ಯವಿದೆ. ಆದುದರಿಂದ ತೆರೆಯ ಮೇಲಿನ ಭಾವದ ಚರಿತ್ರೆಯನ್ನು ಬರೆಯುವವರು ಮನಸ್ಸಿನೊಂದಿಗೆ ತೋಟದ ಹಕ್ಕುಪತ್ರವನ್ನೂ ಕಛೇರಿಯ ಕಡತವನ್ನೂ ಓದುವುದು ಅಗತ್ಯ.