ಕಾರುಗಳ ಚಾತುರ್ಮಾಸ

ತುಳುನಾಡಿನಿಂದ ಬಂದವರಿಗೆ ಪತ್ತನಾಜೆ ಗೊತ್ತಿರುತ್ತದೆ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಹೆಚ್ಚುಕಡಿಮೆ ಮೇ 24ಕ್ಕೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕೋಲ, ನೇಮಗಳು ದೀಪಾವಳಿಯವರೆಗೆ ಇಲ್ಲ. ಇನ್ನು ಸ್ವಲ್ಪ ದಿನಕ್ಕೆ ಮಲ್ಪೆಯ ಬೋಟುಗಳು ದಡ ಸೇರುತ್ತವೆ, ಆಷಾಢದಲ್ಲಿ ಸ್ವಾಮಿಗಳು ಒಂದೂರು ಹಿಡಿದು ಚಾತುರ್ಮಾಸ್ಯಕ್ಕೆ ಕೂರುತ್ತಾರೆ. ನಮ್ಮ ಕಡೆ ಓಡಾಟ ನಿಲ್ಲಿಸುವ ಕಾಲ ಚಳಿಗಾಲವಲ್ಲ, ಮಳೆಗಾಲ.

ಇದನ್ನು ಹೇಳಲು ಕಾರಣವಿದೆ. ಅಮೆರಿಕದ ಉತ್ತರ ಭಾಗದಲ್ಲಿರುವ ನಮ್ಮ ಟೀಮಿನವರು ನವೆಂಬರ್ ಬಂತೆಂದರೆ ಮನೆಯ ಎರಡನೇ ಕಾರನ್ನು ‘ಮಲಗಿಸುವ’ ಮಾತಾಡುತ್ತಾರೆ. ಟ್ಯಾಂಕ್ ತುಂಬಿಸುವುದು, ಬ್ಯಾಟರಿ ಬಿಚ್ಚುವುದು, ಮುಸುಕು ಹಾಕುವುದು, ಮಾರ್ಚ್‌ವರೆಗೆ ಮುಟ್ಟದಿರುವುದು. ಮುಂಬಯಿಯಲ್ಲಿ ಜನವರಿಯ ಬೆಳಗಿನ ಜಾವವೂ 16-17 ಡಿಗ್ರಿ; ಆ ಚಳಿಗೆ ಮಲಗಬೇಕಾದ ಕಾರು ಯಾವುದೂ ಇಲ್ಲ. ಆದರೆ ಇದೇ ಕೆಲಸಗಳನ್ನೆಲ್ಲ ಜೂನ್ ಮೊದಲ ವಾರದಲ್ಲಿ ಮಾಡುತ್ತಿದ್ದವರು ಇಲ್ಲಿ ಇದ್ದರು. ಅವರಲ್ಲೊಬ್ಬರು ನನ್ನ ಸೋದರಮಾವ.

ಮುಂಬಯಿಗೆ ಈ ಅಭ್ಯಾಸ ಕಾರಿನಿಂದ ಬಂದದ್ದಲ್ಲ, ಹಡಗಿನಿಂದ ಬಂದದ್ದು. ಮಾನ್ಸೂನ್ ಎಂಬ ಪದದ ಮೂಲವೇ ಅರಬ್ಬಿಯ ‘ಮೌಸಿಮ್’. ಅದಕ್ಕೆ ಋತು ಎಂದು ಅರ್ಥ, ನಾವಿಕರಿಗಂತೂ ಪಯಣದ ಋತು. ಹಾಯಿ ಹಡಗುಗಳ ಕಾಲದಲ್ಲಿ ನೈಋತ್ಯದ ಗಾಳಿ ಎದ್ದರೆ ಪಶ್ಚಿಮ ಕರಾವಳಿಯ ಬಂದರುಗಳು ಬಾಗಿಲು ಹಾಕಿದಂತೆಯೇ. ಹಡಗು ರಿಪೇರಿಯ ಕಾಲವೂ ಅದೇ. ಸೂರತ್‌ನಿಂದ ಬಂದ ಲವ್ಜಿ ವಾಡಿಯಾ ಅವರ ಕಾಲದಲ್ಲಿ, 1750ರಲ್ಲಿ, ಇಲ್ಲಿ ಕಟ್ಟಿದ ಡ್ರೈ ಡಾಕ್ ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾಯಿತು. ವರ್ಸೋವಾ, ವರಳಿಯ ಕೋಳಿ ಜನ ಇವತ್ತಿಗೂ ದೋಣಿ ಎಳೆದು ಮುಸುಕು ಹಾಕುತ್ತಾರೆ. ನಾರಳಿ ಪೂರ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಮತ್ತೆ ಇಳಿಯುತ್ತಾರೆ.

ನಮ್ಮ ಹಿಂದಿನ ತಲೆಮಾರು ಮುಂಬಯಿಗೆ ಬಂದದ್ದೂ ಇದೇ ಲೆಕ್ಕಾಚಾರದಲ್ಲಿ. ಕರಾವಳಿಯ ಹುಡುಗರು ಹೋಟೆಲು ಕೆಲಸಕ್ಕೆ ಹತ್ತುತ್ತಿದ್ದ ಕೊಂಕಣದ ಸ್ಟೀಮರುಗಳು ಮಳೆಗಾಲದಲ್ಲಿ ಓಡುತ್ತಿರಲಿಲ್ಲ. ಮೇ ಕೊನೆಯ ಹಡಗು ತಪ್ಪಿದರೆ ಘಟ್ಟ ಹತ್ತಿ, ರೈಲು ಹಿಡಿದು, ಸುತ್ತಿ ಬಳಸಿ ಬರಬೇಕು. ಕೊಂಕಣ ರೈಲು ಪೂರ್ತಿಯಾಗಿ ತೆರೆದದ್ದು 1998ರ ಜನವರಿಯಲ್ಲಿ ಎನ್ನುವುದನ್ನು ಈಗಿನ ಹುಡುಗರಿಗೆ ನೆನಪಿಸಬೇಕಾಗುತ್ತದೆ. ಮಳೆಯಲ್ಲೂ ಓಡುತ್ತಿದ್ದದ್ದು ಹತ್ತಿರದ ಊರುಗಳ ದೋಣಿಗಳು. 1947ರ ಜುಲೈ 17ರಂದು ಭಾವುಚಾ ಧಕ್ಕಾದಿಂದ ರೇವಸ್‌ಗೆ ಹೊರಟ ‘ರಾಮದಾಸ್’ ಎಂಬ ಸ್ಟೀಮರು ಮುಳುಗಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಸ್ವಾತಂತ್ರ್ಯದ ಸಂಭ್ರಮ ಹತ್ತಿರದಲ್ಲೇ ಇದ್ದದ್ದರಿಂದಲೋ ಏನೋ, ಆ ಸುದ್ದಿ ಮರೆತುಹೋಯಿತು.

ಕಾರಿನ ವಿಷಯಕ್ಕೆ ಬರೋಣ. 1898ರ ಹೊತ್ತಿಗೆ ಮುಂಬಯಿಗೆ ಮೊದಲ ಕಾರುಗಳು ಬಂದವು. ಆಗಿನ ಕಾರುಗಳಿಗೆ ಗಟ್ಟಿ ಮಾಡು ಇರಲಿಲ್ಲ. ಮೇಲೆ ಮಡಚುವ ಕ್ಯಾನ್ವಾಸು, ಬದಿಗೆ ಗಾಜೂ ಇಲ್ಲ. ಯುರೋಪು, ಅಮೆರಿಕಗಳಲ್ಲಿ ಅವು ಚಳಿಗಾಲವಿಡೀ ಮರದ ದಿಮ್ಮಿಗಳ ಮೇಲೆ ನಿಲ್ಲುತ್ತಿದ್ದವು: ಹಿಮ ತೆಗೆದ ರಸ್ತೆ ಇಲ್ಲ, ರೇಡಿಯೇಟರಿನ ನೀರು ಗಡ್ಡೆಕಟ್ಟಿದರೆ ಎಂಜಿನ್ನೇ ಒಡೆಯುತ್ತದೆ. ಮುಚ್ಚಿದ ಕಾರು, ಗಡ್ಡೆಕಟ್ಟದ ಕೂಲೆಂಟು ಬಂದ ಮೇಲೆ, ಅಂದರೆ 1920ರ ದಶಕದಲ್ಲಿ, ಅಲ್ಲಿ ಈ ಪದ್ಧತಿ ಸಡಿಲವಾಯಿತು. ಇಲ್ಲಿ ಶ್ರೀಮಂತರ ಬಂಗಲೆಗಳಲ್ಲಿ ಕುದುರೆಗಳಿದ್ದ ತಬೇಲಾಗಳಿಗೇ ಕಾರುಗಳೂ ಬಂದವು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಕಾರು ಇದ್ದವರಿಗೂ ಓಡಿಸುವುದು ಕಷ್ಟವಾಯಿತು. ಊರ ಕಡೆ ಇದ್ದಿಲ ಗ್ಯಾಸಿನ ಬಸ್ಸು ತಳ್ಳಿದ ಕತೆ ನಿಮ್ಮ ಅಜ್ಜಂದಿರೂ ಹೇಳಿರಬೇಕು, ಆ ಬಸ್ಸುಗಳು ಈ ಅಭಾವದ ಮಕ್ಕಳೇ.

ವಾಲ್‌ಚಂದ್ ಹಿರಾಚಂದ್ ಅವರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಕುರ್ಲಾದ ಕಾರ್ಖಾನೆಯಲ್ಲಿ ಮೊದಲು ಅಮೆರಿಕದ ಗಾಡಿಗಳ ಜೋಡಣೆ, ಆಮೇಲೆ ಇಟಲಿಯ ಫಿಯಾಟ್. ಆ ಫಿಯಾಟ್ 1100 ಕಾರೇ ಎಪ್ಪತ್ತರ ದಶಕದಲ್ಲಿ ಚಿತ್ತೋಡದ ರಾಣಿಯ ಹೆಸರು ಹೊತ್ತು ಪ್ರೀಮಿಯರ್ ಪದ್ಮಿನಿಯಾಯಿತು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಇವತ್ತು ಮೂರು ವರ್ಷದ ಕಂತಿನಲ್ಲಿ ಕಾರು ಬದಲಿಸುವ ನಮಗೆ ಅದು ಅರ್ಥವಾಗುವುದು ಕಷ್ಟ. ಕಾಯ್ದು ಪಡೆದ ವಸ್ತುವನ್ನು ಕಾಯ್ದುಕೊಳ್ಳುವ ಬುದ್ಧಿಯೂ ಬರುತ್ತದೆ.

ಮಾವನದು 1986ರ ಪದ್ಮಿನಿ. ಹೋಟೆಲಿನ ದುಡಿಮೆಯಲ್ಲಿ ಕೊಂಡದ್ದು. ಕಲೀನಾದಲ್ಲಿ, ಮಿಠಿ ನದಿಯಿಂದ ದೂರವಿಲ್ಲದ ಒಂದು ಕಂಪೌಂಡಿನಲ್ಲಿ ನಿಲ್ಲುತ್ತಿತ್ತು. ಮಳೆ ನಾಲ್ಕು ಹನಿ ಬೀಳುವ ಮೊದಲು ಅವರ ಕ್ರಮ ಶುರು. ಕಾರಿನ ತಳಕ್ಕೆ ಹಳೆಯ ಎಂಜಿನ್ ಆಯಿಲ್ ಬಳಿಸುವುದು, ಬಂಪರಿನ ಕ್ರೋಮಿಗೆ ಗ್ರೀಸು. ಸಮುದ್ರದ ಉಪ್ಪು ಗಾಳಿಗೆ ಪದ್ಮಿನಿಯ ನೆಲದ ತಗಡು ಮೊದಲು ಹೋಗುತ್ತಿತ್ತು; ಕಾಲಿಡುವ ಮ್ಯಾಟು ಎತ್ತಿದರೆ ರಸ್ತೆ ಕಾಣುವ ಗಾಡಿಗಳನ್ನು ನಾನೇ ನೋಡಿದ್ದೇನೆ. ಅಮೆರಿಕದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ನಮಗೆ ಉಪ್ಪು ಗಾಳಿಯಲ್ಲೇ ಬರುತ್ತದೆ. ಟ್ಯಾಂಕ್ ತುಂಬಿಸುತ್ತಿದ್ದರು, ಯಾಕೆಂದರೆ ಖಾಲಿ ಜಾಗದ ತೇವದ ಗಾಳಿ ತಣಿದರೆ ನೀರು ಪೆಟ್ರೋಲಿನ ತಳಕ್ಕೆ ಇಳಿಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯುವಂತಿಲ್ಲ, ತುಕ್ಕಿಗೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಬದಲಿಗೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು. ಬ್ಯಾಟರಿಯ ವೈರು ಬಿಚ್ಚಿ ತುದಿಗೆ ವ್ಯಾಸಲೀನು. ಇಲಿಗಳಿಗೆ ಬಾನೆಟ್ಟಿನೊಳಗೆ ಹೊಗೆಸೊಪ್ಪು. ಎಲ್ಲಕ್ಕಿಂತ ಮೇಲೆ ತಾಡಪತ್ರಿ, ಆದರೆ ಕೆಳಗೆ ಒಂದು ಗೇಣು ಬಿಟ್ಟು. ಪೂರ್ತಿ ಮುಚ್ಚಿದರೆ ಒಳಗೆ ಬೆವರುತ್ತದೆ ಎನ್ನುತ್ತಿದ್ದರು. ಇದನ್ನೆಲ್ಲ ಅವರಿಗೆ ಕಲಿಸಿದ್ದು ಕುರ್ಲಾದ ಒಬ್ಬ ಮೆಕ್ಯಾನಿಕ್ಕು. ನಾನು ಎಂಟೆಕ್ ಓದುವಾಗ ತುಕ್ಕಿನ ರಸಾಯನಶಾಸ್ತ್ರ ನೋಡಿ ತಾಳೆ ಹಾಕಿದೆ. ಹೊಗೆಸೊಪ್ಪು ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಸರಿಯಾಗಿಯೇ ಇತ್ತು.

2005ರ ಜುಲೈ 26. ಸಾಂತಾಕ್ರೂಜ್ ಕೇಂದ್ರದಲ್ಲಿ 24 ತಾಸಿಗೆ 944 ಮಿಲಿಮೀಟರ್ ಮಳೆ. ಮಿಠಿ ಉಕ್ಕಿತು. ನಗರದಲ್ಲಿ ನೂರಾರು ಜನ ಸತ್ತರು, ಅವರಲ್ಲಿ ಕೆಲವರು ತಮ್ಮ ಕಾರಿನೊಳಗೇ ಸತ್ತರು. ಇದನ್ನು ನಿಧಾನವಾಗಿ ಹೇಳಬೇಕು. ಹೊರಗೆ ನೀರು ಏರಿದಾಗ ಅದರ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ. ನೀರು ಹೊಕ್ಕರೆ ವಿದ್ಯುತ್ ಕಿಟಕಿ, ಸೆಂಟ್ರಲ್ ಲಾಕು ಕೈಕೊಡಬಹುದು. ಎಸಿಯ ತಂಪಿಗೆಂದು ಗಾಜು ಏರಿಸಿಕೊಂಡು, ಈಗ ಇಳಿಯುತ್ತದೆ ಎಂದು ಕಾದವರು ಹೊರಬರಲಾಗಲಿಲ್ಲ. ಹ್ಯಾಂಡಲು ತಿರುಗಿಸಿ ಗಾಜು ಇಳಿಸುವ ಪದ್ಮಿನಿಯನ್ನು ಹಳೆಯದೆಂದು ನಗುತ್ತಿದ್ದ ನಾವು ಆ ವಾರ ನಗಲಿಲ್ಲ. ಆಮೇಲೆ ಎಷ್ಟೋ ವರ್ಷ ಮುಂಬಯಿಯವರು ಕಾರಿನಲ್ಲಿ ಸಣ್ಣ ಸುತ್ತಿಗೆ ಇಟ್ಟುಕೊಳ್ಳುತ್ತಿದ್ದರು. ನನ್ನ ಕಾರಿನಲ್ಲಿ ಈಗಲೂ ಇದೆ, ಕೈಗೆಟಕುವಲ್ಲಿ, ಡಿಕ್ಕಿಯಲ್ಲಿಟ್ಟರೆ ಪ್ರಯೋಜನವಿಲ್ಲ.

ಕಲೀನಾದ ಕಂಪೌಂಡಿನಲ್ಲಿ ಸ್ಟಿಯರಿಂಗ್ ಮುಳುಗುವಷ್ಟು ನೀರು. ಇಳಿದ ಮೇಲೆ ಪಕ್ಕದವರು ತಮ್ಮ ಹೊಸ ಕಾರಿನ ಕೀಲಿ ತಿರುಗಿಸಿದರು. ಎಂಜಿನ್ ಒಮ್ಮೆ ‘ಢಬ್’ ಎಂದು ನಿಂತಿತು. ಸಿಲಿಂಡರಿನೊಳಗೆ ಇರಬೇಕಾದದ್ದು ಗಾಳಿ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ, ಕುಗ್ಗದಿದ್ದರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ವಿಮೆಯವರು ಪ್ರವಾಹದ ನಷ್ಟ ಕೊಡುತ್ತೇವೆ, ಮುಳುಗಿದ ಎಂಜಿನ್ ತಿರುಗಿಸಿ ಆದ ನಷ್ಟ ಕೊಡುವುದಿಲ್ಲ ಎಂದರು. ಇವತ್ತು ಪಾಲಿಸಿಯಲ್ಲಿ ‘ಎಂಜಿನ್ ಪ್ರೊಟೆಕ್ಟ್’ ಎಂದು ಬೇರೆ ಹಣಕ್ಕೆ ಮಾರುವುದು ಈ ಅಪಾಯಕ್ಕೇ. ಮಾವನ ಪದ್ಮಿನಿಯ ಬ್ಯಾಟರಿ ಮೊದಲೇ ಬಿಚ್ಚಿತ್ತು, ಕೀಲಿ ತಿರುಗಿಸಿದ್ದರೂ ಏನೂ ಆಗುತ್ತಿರಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಜಿನನ್ನು ಕೈಯಿಂದ ತಿರುಗಿಸಿ ನೀರು ಚಿಮ್ಮಿಸಿ, ಆಯಿಲ್ಲು ಎರಡು ಸಲ ಬದಲಿಸಿದರು. ಗಣೇಶ ಚತುರ್ಥಿಗೆ ಕಾರು ಓಡಿತು. ಸೀಟಿನ ವಾಸನೆ ಮಾತ್ರ ಕೊನೆಯವರೆಗೂ ಹೋಗಲಿಲ್ಲ.

ಪದ್ಮಿನಿಯ ಉತ್ಪಾದನೆ ಅದಕ್ಕೂ ಕೆಲವು ವರ್ಷ ಮೊದಲೇ ನಿಂತಿತ್ತು. ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಅವು ಉಳಿದವು. ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದದ್ದರಿಂದ 2003ರ ಅಕ್ಟೋಬರಿನಲ್ಲಿ ತಾಡದೇವ್ ಆರ್‌ಟಿಒದಲ್ಲಿ ನೋಂದಾಯಿಸಿದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟಿತು.

ಮಲಗಿಸುವ ವಿದ್ಯೆ ಮತ್ತೆ ಬೇಕಾದದ್ದು 2020ರಲ್ಲಿ. ಮಾರ್ಚ್ 25ರ ಲಾಕ್‌ಡೌನಿನಿಂದ ಕಾರುಗಳು ನಿಂತವು, ಬೆನ್ನಿಗೇ ಮಳೆಗಾಲ. ಈಗಿನ ಕಾರು ನಿಂತಾಗಲೂ ಪೂರ್ತಿ ನಿದ್ದೆ ಮಾಡುವುದಿಲ್ಲ. ಅಲಾರಂ, ಗಡಿಯಾರ, ಕಂಪ್ಯೂಟರುಗಳು ಹನಿ ಹನಿ ಕರೆಂಟು ಕುಡಿಯುತ್ತಿರುತ್ತವೆ. ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಜಂಪರ್ ಕೇಬಲ್ ಯಾರ ಬಳಿ ಇದೆ ಎಂಬ ವಿಚಾರಣೆಯೇ ವಿಚಾರಣೆ. ಎಂಬತ್ತು ದಾಟಿದ ಮಾವ ಫೋನಿನಲ್ಲಿ ಕೇಳಿದ್ದು ಒಂದೇ: “ಹ್ಯಾಂಡ್‌ಬ್ರೇಕ್ ಬಿಟ್ಟಿದ್ದೀಯಲ್ಲ ಮಾರಾಯ?”

ಆದರೆ ಈ ವಿದ್ಯೆಗೆಲ್ಲ ಮೊದಲು ಬೇಕಾದದ್ದು ಜಾಗ. ಬಂಗಲೆಯ ತಬೇಲಾ ಹೋಗಿ ಕಟ್ಟಡದ ಕೆಳಗಿನ ಸ್ಟಿಲ್ಟು ಬಂತು, ಬಿಲ್ಡರುಗಳು ಅದನ್ನು ಫ್ಲ್ಯಾಟಿನ ಜೊತೆ ಬೇರೆ ಬೆಲೆಗೆ ಮಾರಿದರು. ದಹಿಸರ್‌ನ ಪಾಂಚಾಲಿ ಸೊಸೈಟಿಯ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ, 2010ರ ಆಗಸ್ಟ್ 31ರಂದು ತೀರ್ಪು ಬಂತು: ಸ್ಟಿಲ್ಟಿನ ಪಾರ್ಕಿಂಗ್ ಗ್ಯಾರೇಜಲ್ಲ, ಸೊಸೈಟಿಯ ಎಲ್ಲರ ಸಾಮಾನ್ಯ ಜಾಗ, ಬಿಲ್ಡರು ಮಾರುವಂತಿಲ್ಲ. ನನಗೆ ಅದು ನ್ಯಾಯದ ತೀರ್ಪೆಂದೇ ಅನ್ನಿಸುತ್ತದೆ, ಹಣ ಕೊಟ್ಟು ಕೊಂಡ ನೆರೆಯವರ ಹೊಟ್ಟೆಯುರಿಯೂ ಅರ್ಥವಾಗುತ್ತದೆ.

ನಮ್ಮಲ್ಲಿ ಮಾಡಿನ ಕೆಳಗೆ 14 ಜಾಗ, ಕಾರು 31. ಪ್ರತಿ ವರ್ಷ ಮೇ ತಿಂಗಳಲ್ಲಿ ಚೀಟಿ ಎತ್ತುತ್ತೇವೆ. ಈ ಸಲ ನನ್ನ ಹೆಸರು ಬರಲಿಲ್ಲ. ಲೋಹಾರ್ ಚಾಳಿನ ಹತ್ತಿರ ಹೋಗಿ ಒಳ್ಳೆಯ ದಪ್ಪದ ತಾಡಪತ್ರಿ ತಂದಿದ್ದೇನೆ, ಒಂದು ಗೇಣು ಗಿಡ್ಡವಾಗಿಯೇ.