ಮಡಿಕೇರಿ ಪ್ರವಾಸವೂ ಕಲ್ಯಾಣಪ್ಪನ ಕಾಟಕಾಯಿಯೂ

ಮಂಗ್ಳೂರಿಂದ ಉದಿಯಪ್ಪಗ ಹೆರಟು, ಮಡಿಕೇರಿ ನೋಡಿಕ್ಕಿ, ಇರುಳು ಊಟಕ್ಕೆ ಮನೆಗೆ ಎತ್ತುವ ಒಂದು ದಿನದ ಪ್ರವಾಸವ ಈಗ ಸುಮಾರು ಜೆನ ಮಾಡ್ತವು. ಪರಿಚಯದ ಹೆಮ್ಮಕ್ಕೊ ಎಲ್ಲ ಸೇರಿ ಎಂಗಳೂ ಹೋದೆಯೊ. ಬಸ್ಸಿಲಿ ಒಬ್ಬ ಗೈಡ್ ಮಾಣಿ ಇತ್ತಿದ್ದ. ಮೈಕ್ ಹಿಡ್ಕೊಂಡು ಚೆಂದಕೆ ವಿವರ ಹೇಳಿದ. ಅವ ಹೇಳಿದ್ದರ ಒಟ್ಟಿಂಗೆ, ಅವ ಹೇಳದ್ದ ಒಂದು ಕತೆಯನ್ನೂ ಇಲ್ಲಿ ಬರೆತ್ತೆ. ಎಂತಕೆ ಹೇಳಿರೆ, ಅದು ನಮ್ಮ ಊರಿನ ಕೃಷಿಕರ ಕತೆ.

ಬಂಟ್ವಾಳ, ಪುತ್ತೂರು, ಸುಳ್ಯ ದಾಂಟಿ, ಸಂಪಾಜೆ ಕಳುದ ಮೇಲೆ ಘಾಟಿ ಸುರು. ತಿರುಗಾಸಿಲಿ ಕೆಲವು ಜೆನಕ್ಕೆ ತಲೆ ತಿರುಗಿತ್ತು, ನಿಂಬೆಹುಳಿ ಮೂಸಿಗೊಂಡು ಕೂದವು. ಅಡಕ್ಕೆ ತೋಟ, ರಬ್ಬರು ಮುಗುದು ಕಾಫಿ, ಒಳ್ಳೆಮೆಣಸು ಕಾಂಬಲೆ ಸುರುವಾತು. ಮಡಿಕೇರಿ ಸಮುದ್ರಮಟ್ಟಂದ ಸಾವಿರ ಮೀಟರಿಂದಲೂ ಮೇಗೆ ಇಪ್ಪ ಊರು. ಮಂಗ್ಳೂರಿಲಿ ಬೆಗರು ಉದ್ದಿಗೊಂಡು ಬಸ್ಸು ಹತ್ತಿದವೆಲ್ಲ ಅಲ್ಲಿ ಶಾಲು ಹೊದಕ್ಕೊಂಡವು.

ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಈ ಊರಿನ ರಾಜಧಾನಿ ಮಾಡಿದ. ಮುದ್ದುರಾಜನ ಕೇರಿ ಹೇಳುದೇ ಬಾಯಿಂದ ಬಾಯಿಗೆ ಹೋಗಿ ಮಡಿಕೇರಿ ಆತು ಹೇಳ್ತವು. ಅವನ ಕಾಲದ ಮಣ್ಣಿನ ಕೋಟೆಯ ಟಿಪ್ಪು ಸುಲ್ತಾನ ಕಲ್ಲಿಲಿ ಕಟ್ಸಿ, ಜಾಫರಾಬಾದ್ ಹೇಳಿ ಹೆಸರು ಮಡುಗಿದ. 1790ರಲ್ಲಿ ದೊಡ್ಡವೀರರಾಜೇಂದ್ರ ಕೋಟೆಯ ವಾಪಾಸು ತೆಕ್ಕೊಂಡ. ಒಳ ಇಪ್ಪ ಅರಮನೆಯ ಲಿಂಗರಾಜೇಂದ್ರ 1812ರಿಂದ 1814ರ ಒಳ ಕಟ್ಸಿದ್ದು. ಓಂಕಾರೇಶ್ವರ ದೇವಸ್ಥಾನವೂ ಅವನೇ 1820ರಲ್ಲಿ ಕಟ್ಸಿದ್ದು. ನಡುಗೆ ಗುಮ್ಮಟ, ಎದುರು ಕೆರೆ, ನೋಡ್ಲೆ ನಮ್ಮ ಊರಿನ ದೇವಸ್ಥಾನಂಗಳ ಹಾಂಗೆ ಅಲ್ಲ. ಕೋಟೆಯ ಒಳ ಗಾರೆಲಿ ಮಾಡಿದ ಎರಡು ಆನೆ ಇದ್ದು. ಬಸ್ಸಿನ ಎಲ್ಲೋರೂ ಅದರ ಹತ್ರೆ ನಿಂದು ಪಟ ತೆಗಶಿಗೊಂಡವು.

ಅಲ್ಲಿ ಆನು ಗೈಡ್‌ನ ಹತ್ರೆ ಕೇಟೆ, “ತಮ್ಮಾ, ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೆ ಹಾಕಿದ್ದು ಎಲ್ಲಿ?”

“ಅದು ನಮ್ಮ ಲಿಸ್ಟಲ್ಲಿ ಇಲ್ಲ ಆಂಟಿ” ಹೇಳಿದ. ಅವನ ತಪ್ಪು ಎಂತ ಇಲ್ಲೆ, ಅವಂಗೆ ಕೊಟ್ಟ ಲಿಸ್ಟಿಲಿ ಇಪ್ಪದು ರಾಜಂಗೊ ಮಾಂತ್ರ.

ಕತೆ ಹೀಂಗೆ. ನಮ್ಮ ಸುಳ್ಯ ಹೊಡೆ ಮದಲು ಕೊಡಗಿನ ರಾಜಂಗಳ ಕೈಲಿ ಇದ್ದತ್ತು. 1834ರಲ್ಲಿ ಕುಂಪಣಿಯವು ಚಿಕ್ಕವೀರರಾಜೇಂದ್ರನ ಪಟ್ಟಂದ ಇಳುಶಿ ಕೊಡಗಿನ ತೆಕ್ಕೊಂಡವು. ಘಾಟಿಯ ಕೆಳಾಣ ಅಮರ ಸುಳ್ಯ, ಪುತ್ತೂರು ಮಾಗಣೆಗಳ ಬೇರೆ ಮಾಡಿ ಕೆನರಾ ಜಿಲ್ಲೆಗೆ ಸೇರ್ಸಿದವು. ಅಷ್ಟಪ್ಪಗ ಬದಲಾದ್ದು ಕಂದಾಯದ ಕ್ರಮ. ರಾಜನ ಕಾಲಲ್ಲಿ ಬೆಳದ್ದರಲ್ಲೇ ಒಂದು ಪಾಲು ಕೊಟ್ಟರೆ ಆತು. ಕುಂಪಣಿಗೆ ನಗದು ಪೈಸೆಯೇ ಆಯೆಕ್ಕು.

ಇದರ ಅರ್ಥ ಮನೆ ನಡೆಶುವ ಹೆಮ್ಮಕ್ಕೊಗೆ ಬೇಗ ಗೊಂತಕ್ಕು. ಪತ್ತಾಯಲ್ಲಿ ಭತ್ತ ತುಂಬಿದ್ದರೂ ಕೈಲಿ ಪೈಸೆ ಇಲ್ಲದ್ದ ದಿನ ಕೃಷಿಕರ ಮನೆಲಿ ಈಗಳೂ ಬತ್ತು. ಆಗ ಸಂತೆ ಇಪ್ಪದೇ ದೂರ. ಕಂದಾಯದ ವಾಯಿದೆಗೆ ಎಲ್ಲೋರೂ ಒಟ್ಟಿಂಗೇ ಭತ್ತ ಮಾರ್ಲೆ ಹೆರಟರೆ ಕ್ರಯ ಎಷ್ಟು ಸಿಕ್ಕುಗು? ಕಡೆಂಗೆ ಸಾಲವೇ ಗತಿ. ಅದರ ಮೇಗಂದ ಉಪ್ಪು, ಹೊಗೆಸೊಪ್ಪು ಎರಡರ ವ್ಯಾಪಾರವನ್ನೂ ಸರ್ಕಾರವೇ ಕೈಲಿ ಮಡಿಕ್ಕೊಂಡಿತ್ತು. ಅಡಿಗೆಗೆ ಉಪ್ಪು ಇಲ್ಲದ್ದೆ ಆವುತ್ತಾ?

ಇದರಿಂದಾಗಿಯೇ 1837ರಲ್ಲಿ ಕೃಷಿಕರು ಎದ್ದು ನಿಂದದು. ಕೆದಂಬಾಡಿ ರಾಮಯ್ಯ ಗೌಡರು ಮುಂದಾಳು. ಜೆನ ಸೇರ್ಸುಲೆ ಒಂದು ರಾಜವಂಶದ ಹೆಸರು ಬೇಕಾತು. ಹಾಂಗಾಗಿ ಪುಟ್ಟಬಸಪ್ಪ ಹೇಳುವವನ ಹಾಲೇರಿ ವಂಶದ ಕಲ್ಯಾಣಸ್ವಾಮಿ ಹೇಳಿ ಮುಂದೆ ನಿಲ್ಸಿದವು. ಬೆಳ್ಳಾರೆಯ ಖಜಾನೆಯ ವಶ ಮಾಡಿಗೊಂಡು, ಪುತ್ತೂರು, ಬಂಟ್ವಾಳ ಆಗಿ ಕೆಳ ಬಂದವು. ನಂದಾವರದ ಲಕ್ಷ್ಮಪ್ಪ ಬಂಗರಸರೂ ಸೇರಿಗೊಂಡವು. ಏಪ್ರಿಲ್ 5ಕ್ಕೆ ಮಂಗ್ಳೂರು ಇವರ ಕೈಗೆ ಬಂತು. ಕುಂಪಣಿಯ ಅಧಿಕಾರಿಗೊ ಹಡಗು ಹತ್ತಿ ಕಣ್ಣೂರಿಂಗೆ ಓಡಿದವು. ಬಾವುಟಗುಡ್ಡೆಲಿ ಬಾವುಟ ಹಾರಿತ್ತು. ಹೆಚ್ಚುಕಮ್ಮಿ ಎಂಗಳ ಬಸ್ಸು ಹತ್ತಿದ ದಾರಿಲೇ ಅವು ನೆಡದು ಇಳುದವು.

ಮಂಗ್ಳೂರು ಅವರ ಕೈಲಿ ಇದ್ದದು 13 ದಿನ. ಮತ್ತೆ ಕುಂಪಣಿಯ ಸೈನ್ಯ ಬಂತು. ಕಲ್ಯಾಣಸ್ವಾಮಿಯ ಮಂಗ್ಳೂರಿನ ಬಿಕರ್ನಕಟ್ಟೆಲಿ ನೇಣಿಂಗೆ ಹಾಕಿದವು. ಬಂಗರಸರನ್ನೂ ಗಲ್ಲಿಂಗೆ ಹಾಕಿದವು. ಗುಡ್ಡೆಮನೆ ಅಪ್ಪಯ್ಯ ಗೌಡರ ಅಕ್ಟೋಬರ್ 31ಕ್ಕೆ ಮಡಿಕೇರಿ ಕೋಟೆಲಿ, ಎಲ್ಲೋರೂ ನೋಡುವ ಹಾಂಗೆ, ಗಲ್ಲಿಂಗೆ ಹಾಕಿದವು. ಆನು ಕೇಟದು ಅದೇ ಜಾಗೆಯ.

ಇಷ್ಟು ದೊಡ್ಡ ಸಂಗತಿ ಜೆನರ ಬಾಯಿಲಿ ಒಳುದ್ದು “ಕಲ್ಯಾಣಪ್ಪನ ಕಾಟಕಾಯಿ” ಹೇಳಿ. ಕಾಟಕಾಯಿ ಹೇಳಿರೆ ಲೂಟಿ, ಉಪದ್ರ. ಮಕ್ಕೊ ಅಟ್ಟಲ್ಲಿ ಎಲ್ಲ ಎಳದು ಹಾಕಿರೆ “ಎಂತರ ಅದು ಕಲ್ಯಾಣಪ್ಪನ ಕಾಟಕಾಯಿ?” ಹೇಳಿ ಎನ್ನ ಅಜ್ಜಿ ಜೋರು ಮಾಡುಗು. ಕಂದಾಯ ಕೊಡ್ಲೆ ಎಡಿಯದ್ದೆ ಎದ್ದವು ನಮ್ಮ ಮಾತಿಲಿ ಲೂಟಿಕೋರರು ಆದವು. ಈಗ ಅದರ ಅಮರ ಸುಳ್ಯ ಸ್ವಾತಂತ್ರ್ಯ ಹೋರಾಟ ಹೇಳಿ ಹೇಳ್ತವು. 1857ರ ದಂಗೆಂದ 20 ವರ್ಷ ಮದಲಾಣದ್ದು ಇದು. 2022ರಲ್ಲಿ ಬಾವುಟಗುಡ್ಡೆಲಿ ರಾಮಯ್ಯ ಗೌಡರ ಪ್ರತಿಮೆ ನಿಲ್ಸಿದ್ದವು. ಅಂದರೂ ನಮ್ಮ ಮನೆಗಳಲ್ಲಿ ಹಳೆ ಮಾತೇ ಹೆಚ್ಚು ಕೇಳುದು.

ನಿಂಗಳೂ ಮಡಿಕೇರಿಗೆ ಹೋಗಿ. ರಾಜಾಸೀಟಿಲಿ ಕೂದು ಕಣಿವೆ ನೋಡಿ, ಕಾಫಿಹೊಡಿ, ಜೇನು ತೆಕ್ಕೊಳಿ. ಘಾಟಿ ಇಳಿವಗ ಮಕ್ಕೊಗೆ ಈ ಕತೆ ಹೇಳಿ. ಸುಳ್ಯ, ಬೆಳ್ಳಾರೆ ಹೊಡೆಯವು ಆದರೆ, ಮನೆಯ ಅಜ್ಜಂದ್ರು ಆ ಕಾಲದ ವಿಷಯ ಎಂತಾರು ಹೇಳಿದ್ದು ನೆಂಪಿದ್ದರೆ, ಈಗಳೇ ಬರದು ಮಡುಗಿ.